ಮೊಟ್ಟೆ ಕಾಣದ ಮನೆಯ ಕಾರಿಗೆ ಮೊಟ್ಟೆಯ ವಾಸನೆ

ಅಯ್ಯನವರು ಶಾಲಿನ ಅಂಚನ್ನು ಮೂಗಿಗೆ ಹಿಡಿದದ್ದನ್ನು ಹಿಂದಿನ ಸೀಟಿನಿಂದ ನಾನೂ ನೋಡಿದೆ, ನಮ್ಮ ಮನೆಯವರೂ ನೋಡಿದರು. ಇಬ್ಬರೂ ನೋಡದವರಂತೆ ಕಿಟಕಿಯ ಕಡೆ ತಿರುಗಿದೆವು.

ತಾಂಡೂರಿನಲ್ಲಿ ನಮ್ಮ ಮನೆಯವರ ಅಕ್ಕ ಹೊಸ ಮನೆ ಕಟ್ಟಿಸಿದ್ದರು. ಅಯ್ಯನವರ ಪಾದಪೂಜೆ ಆಗದೆ ಒಲೆ ಹಚ್ಚುವುದಿಲ್ಲವೆಂದು ಕೂತಿದ್ದರು. ಅವರನ್ನು ಜಹೀರಾಬಾದಿನಿಂದ ಕರೆದೊಯ್ಯುವ ಪುಣ್ಯ ನಮ್ಮ ಕಾರಿಗೆ ಬಂದಿತ್ತು. ಕೊಹೀರ್ ದಾಟಿ ಏರು ಸಿಕ್ಕಾಗ ಒಂದು ವಾಸನೆ ಎದ್ದಿತು. ಕೆರೆಯ ಕೆಸರು, ಹಳಸಿದ ಹೂಕೋಸು, ಆಗತಾನೆ ಗೀರಿದ ಬೆಂಕಿಕಡ್ಡಿ, ಮೂರನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಮುಚ್ಚಳ ತೆಗೆದ ಹಾಗೆ. ಅಯ್ಯನವರು ಸಾಧು ಮನುಷ್ಯರು. "ಸ್ವಲ್ಪ ಗಾಳಿ ಬರ್ಲಿ" ಎಂದು ಕಿಟಕಿ ಇಳಿಸಿಕೊಂಡರೇ ಹೊರತು ಬೇರೇನೂ ಅನ್ನಲಿಲ್ಲ. ಆ ದಿನದ ಮಟ್ಟಿಗೆ ಶಿವ ತೋರಿದ ದಯೆ ಅಷ್ಟೇ.

ಗಂಡನ ಅಕ್ಕ ಅಷ್ಟು ಸಾಧು ಅಲ್ಲ. ಅಯ್ಯನವರ ಕಾಲಿಗೆ ನೀರು ಹಾಕಲು ತಂಬಿಗೆ ಹಿಡಿದು ಬಾಗಿಲಿಗೆ ಬಂದವರು ಕಾರಿನ ಹತ್ತಿರವೇ ನಿಂತುಬಿಟ್ಟರು. ಎಂಜಿನ್ ಇನ್ನೂ ನಡೆದಿತ್ತು.

"ಏನ್ ತಂಗಿ, ಗಾಡ್ಯಾಗ ತತ್ತಿ ಒಡದಾವೇನ? ಕೊಳತ ತತ್ತಿ ನಾತ ಹೊಡಿಲಿಕತ್ತದ."

ಇಪ್ಪತ್ತು ಮಂದಿ ನೆಂಟರು ಅಂಗಳದಲ್ಲಿದ್ದರು. ಎಲ್ಲರ ಕಣ್ಣು ನನ್ನ ಮೇಲೆ. ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಎಂಬುದನ್ನು ನಾನು ಅಂಗಡಿಯ ಟ್ರೇಗಳಲ್ಲಿ ದೂರದಿಂದ ನೋಡಿದವಳೇ ಹೊರತು ಕೈಯಲ್ಲಿ ಹಿಡಿದವಳಲ್ಲ. ನಾಚಿಕೆಯಲ್ಲಿ ನಾಲಗೆ ತಾನಾಗಿ ಓಡಿತು.

"ಹೋದ ಐತಾರ ಗಾಡಿ ತಮ್ಮ ಊರಿಗೆ ಒಯ್ದಿದ್ದ್ರಿ ಅವ. ಏನರ ತಂದಿರಬೇಕು."

ಅವ ಎಂದರೆ ನಮ್ಮ ಡ್ರೈವರ್. ಕಲ್ಹೇರ್ ಕಡೆಯವನು, ಕುರಿ ಕಾಯುವ ಮನೆತನ. ಆರು ವರ್ಷದಿಂದ ನಮ್ಮ ಗಾಡಿ ಓಡಿಸುತ್ತಿದ್ದ. ಅಯ್ಯನವರಿಗೆ ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತಿದ್ದ.

"ನಾ ಏನೂ ತಂದಿಲ್ರಿ ಅವ್ವಾರ" ಎಂದ.

"ಮತ್ತ ತತ್ತಿ ತಾವೇ ನಡಕೋತ ಬಂದು ಕುಂತಾವೇನ?" ಎಂದರು ಅಕ್ಕ. ನೆಂಟರು ನಕ್ಕರು. ನಮ್ಮ ಮನೆಯವರು ಅವನ ಮುಂದೆ ಕೈ ಚಾಚಿದರು. ಅವನು ಕೀಲಿಕೈ ಕೊಟ್ಟ. ಊಟಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡ್ ಕಡೆ ನಡೆದ. ನಾನು ಒಳಗೆ ಹೋಗಿ ಹೋಳಿಗೆ ಬಡಿಸಿದೆ.

ಮರುದಿನದಿಂದ ಕಾರಿನ ಶುದ್ಧಿ ಶುರುವಾಯಿತು. ಸೀಟಿನ ಬಟ್ಟೆ ಬಿಚ್ಚಿ ಒಗೆದೆ. ಕಾಲಡಿಯ ಹಾಸು ತೊಳೆದು ಮಾಳಿಗೆಯ ಮೇಲೆ ಒಣಹಾಕಿದೆ. ಕೈ ಹೋಗುವ ಸಂದುಗಳಿಗೆಲ್ಲ ಕೈ ಹಾಕಿದೆ. ಸಿಕ್ಕಿದ್ದು ನಮ್ಮ ಮನೆಯವರ ಎರಡು ಪೆನ್ನು, ಒಂದಿಷ್ಟು ಶೇಂಗಾ ಸಿಪ್ಪೆ. ಮೊಟ್ಟೆಯ ಚೂರಿಲ್ಲ. ಲೋಬಾನ ಹಾಕಿದೆ, ಲಿಂಬೆಹಣ್ಣು ಇಟ್ಟೆ. ಗಂಡನ ಅಕ್ಕ ಫೋನಿನಲ್ಲಿ ಗೋಮೂತ್ರ ಸಿಂಪಡಿಸಲು ಹೇಳಿದರು, ಅದನ್ನೂ ಮಾಡಿದೆ. ಎಂಟು ದಿನ ಕಾರು ಅಂಗಳದಲ್ಲಿ ನಿಂತಾಗ ದೇವರಮನೆಯ ಹಾಗೆ ಘಮಘಮ ಎನ್ನುತ್ತಿತ್ತು. ಒಂಬತ್ತನೆಯ ದಿನ ರಾಯಿಕೋಡಿಗೆ ಹೊರಟೆವು, ನಮ್ಮ ಮನೆಯವರೇ ಓಡಿಸಿದರು. ಅರ್ಧ ದಾರಿಗೆ ಅದೇ ನಾತ.

"ಡ್ರೈವರ್ ಹೋಗಿ ಒಂಬತ್ತು ದಿನ ಆತು. ಇವತ್ತು ಯಾರು ತಂದಾರ್ರಿ ತತ್ತಿ?" ಎಂದೆ.

"ವಾಸನಿ ಮೂಲ್ಯಾಗ ಕುಂತಿರ್ತದ. ಅದಕ್ಕ ಟೈಮ್ ಬೇಕು" ಎಂದರು.

ನಮ್ಮ ಮನೆಯವರು ಸಿಮೆಂಟು ಕಬ್ಬಿಣದ ವ್ಯಾಪಾರಸ್ಥರು. ತಾವು ಒಮ್ಮೆ ಹೇಳಿದ ಮಾತು ಗಟ್ಟಿಯಾಗಲು ನೀರು ಹಾಕುತ್ತ ಕೂಡುತ್ತಾರೆ, ಒಡೆಯಲು ಬಿಡುವುದಿಲ್ಲ.

ಆ ದಿನದಿಂದ ನಾನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆಯತೊಡಗಿದೆ. ವಾಸನೆ ಯಾವಾಗ ಬಂತು, ಎಲ್ಲಿ ಬಂತು. ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದರೆ ಯಾವ ಹೆಂಗಸೂ ಮೊದಲು ಸಿಲಿಂಡರನ್ನು ಬೈಯುವುದಿಲ್ಲ; ಯಾವಾಗ ಬಂತು ಎಂದು ನೆನಪು ಮಾಡಿಕೊಳ್ಳುತ್ತಾಳೆ. ಹತ್ತು ದಿನದಲ್ಲಿ ನಾಲ್ಕು ಮಾತು ಸ್ಪಷ್ಟವಾದವು. ಎಂಜಿನ್ ಆರಿಸಿ ನಿಂತ ಗಾಡಿಯಲ್ಲಿ ವಾಸನೆ ಇಲ್ಲ. ಬೆಳಿಗ್ಗೆ ಹೊರಟ ಕೂಡಲೇ ಇಲ್ಲ. ಎಂಜಿನ್ ಕಾದ ಮೇಲೆ, ಏರಿನಲ್ಲಿ ಜೋರಾಗಿ ಒತ್ತಿದ ಮೇಲೆ, ರೈಲು ಗೇಟಿನಲ್ಲಿ ನಿಂತಾಗ ಬರುತ್ತದೆ. ಕಿಟಕಿ ಮುಚ್ಚಿದರೆ ಕಡಿಮೆ, ತೆರೆದರೆ ಹೆಚ್ಚು. ಅಂದರೆ ವಾಸನೆ ಒಳಗೆ ಕುಳಿತಿಲ್ಲ, ಹೊರಗಿನಿಂದ ಬರುತ್ತಿದೆ. ಇದನ್ನು ತಿಳಿಯಲು ಯಾವ ವಿದ್ಯೆಯೂ ಬೇಕಿರಲಿಲ್ಲ.

ವಿದ್ಯೆ ಇದ್ದವರ ಬಳಿ ಹೋದೆವು. ಮೊದಲನೆಯವನು ಏಸಿ ರಿಪೇರಿಯವನು. ಕ್ಯಾಲೆಂಡರಿನ ಹಾಳೆ ತೋರಿಸಲು ಹೋದರೆ ಅದರತ್ತ ನೋಡದೆ ನಮ್ಮ ಮನೆಯವರಿಗೆ ಹೇಳಿದ: "ಇಲಿ ಸತ್ತದ್ರಿ ಸಾವ್ಕಾರ್ರ, ನೂರಕ್ಕ ನೂರು." ಡ್ಯಾಶ್‌ಬೋರ್ಡ್ ಬಿಚ್ಚಿದ. ಇಲಿ ಇರಲಿಲ್ಲ. "ಇತ್ತು, ಹೋಗ್ಯಾದ" ಎಂದ. ಸತ್ತ ಇಲಿ ಎದ್ದು ಹೋಗುವುದನ್ನು ನಾನು ಅಲ್ಲಿಯೇ ಕೇಳಿದ್ದು. ಫಿಲ್ಟರ್ ಬದಲಿಸಿ ಮಲ್ಲಿಗೆಯ ಸೆಂಟು ಹೊಡೆದು ಕಳಿಸಿದ. ಎರಡು ದಿನ ಮಲ್ಲಿಗೆಯೂ ಕೆಸರೂ ಕೂಡಿ ತಲೆ ತಿರುಗಿತು. ಬಿಚ್ಚಿದ್ದನ್ನು ಮತ್ತೆ ಕೂಡಿಸುವಾಗ ಒಂದು ಸ್ಕ್ರೂ ಮಿಕ್ಕಿತೆಂದು ಅದನ್ನು ನನ್ನ ಕೈಗೇ ಕೊಟ್ಟಿದ್ದ, ಪ್ರಸಾದದ ಹಾಗೆ.

ಎರಡನೆಯವನು ಬ್ಯಾಟರಿಯವನು. ಬ್ಯಾಟರಿ ಮಿತಿಮೀರಿ ಕುದಿದರೂ ಇಂಥದೇ ನಾತ ಬರುತ್ತದೆಂದು ಹೇಳಿದ. ಆ ಮಾತು ಸುಳ್ಳಲ್ಲವೆಂದು ಆಮೇಲೆ ತಿಳಿಯಿತು. ಮೀಟರ್ ಹಚ್ಚಿ ನೋಡಿದ. ಎಲ್ಲ ಸರಿ ಇದೆ ಎಂದು ತಾನೇ ಹೇಳಿದ. ಹೇಳಿ, ಬ್ಯಾಟರಿ ಬದಲಿಸಿದ.

"ಸರಿ ಅದ ಅಂದಿ, ಮತ್ತ ಯಾಕ ಬದಲಿ ಮಾಡ್ತಿ?" ಎಂದು ಕೇಳಿದೆ.

"ನಿಮ್ಮ ಮನಸ್ಸಿಗೆ ಸಮಾಧಾನ ಇರ್ಲಿ ಅಂತ್ರಿ ಅಮ್ಮಾ."

ನನ್ನ ಸಮಾಧಾನಕ್ಕೆ ನಾನು ಶಿವಪೂಜೆ ಮಾಡಿಕೊಳ್ಳುತ್ತೇನೆ, ಅದಕ್ಕೆ ಬ್ಯಾಟರಿ ಬೇಡ ಎಂದೆ. ನಮ್ಮ ಮನೆಯವರಿಗೆ ಅವಮಾನವಾಯಿತು. ನನ್ನ ಮಾತಿನಿಂದ ಆಯಿತು, ಬ್ಯಾಟರಿಯವನಿಂದಲ್ಲ.

ಈ ನಡುವೆ ಅವರೇ ಒಂದು ಶೋಧ ಮಾಡಿದರು: ಪೆಟ್ರೋಲ್ ಕೆಟ್ಟಿದೆ. ಮೂರು ಬಂಕು ಬದಲಿಸಿದರು. ಮೂರೂ ಕಡೆಯ ಪೆಟ್ರೋಲಿಗೆ ಒಂದೇ ನಾತ. ನಾನು ಹೊಗೆ ಬರುವ ಪೈಪಿನ ಬಾಯಿಗೆ ಬೆರಳಾಡಿಸಿ ನೋಡಿದೆ. ಒಣ ಕರಿ ಮಸಿ, ಹಂಚಿನ ತಳದಲ್ಲಿ ಕೂಡುವಂಥದು, ದಪ್ಪಗೆ ಬಂತು. ಸ್ಟವ್ವಿನಲ್ಲಿ ಎಣ್ಣೆ ಹೆಚ್ಚಾಗಿ ಗಾಳಿ ಸಾಲದಾದರೆ ಪಾತ್ರೆಗೆ ಹೀಗೇ ಮಸಿ ಹಿಡಿಯುತ್ತದೆ. ಆದರೆ ಅದನ್ನು ಯಾರಿಗೆ ಹೇಳುವುದು? ಸ್ಟವ್ವಿನ ಮಾತು ಕಾರಿಗೆ ನಡೆಯುವುದಿಲ್ಲವೆಂದು ಗಂಡಸರೆಲ್ಲ ಒಟ್ಟಾಗಿ ತೀರ್ಮಾನಿಸಿದ್ದರು.

ಮೂರನೆಯದು ಹೆದ್ದಾರಿಯ ಬದಿಯ ದೊಡ್ಡ ಗ್ಯಾರೇಜು. ಗಾಜಿನ ಕೋಣೆ, ಕಂಪ್ಯೂಟರು, ಹೆಗಲಿಗೆ ಬಟ್ಟೆ ಹಾಕಿದ ಮುಖ್ಯಸ್ಥ. ಅವನು ಮಾತ್ರ ವಾಸನೆಯನ್ನು ಹಿಂದಿನ ಪೈಪಿನಲ್ಲೇ ಮೂಸಿದ. "ಕನ್ವರ್ಟರ್ ಹೋಗ್ಯಾದ್ರಿ" ಎಂದ. ಎಂಜಿನ್ನಿನ ಹೊಗೆ ಹೊರಗೆ ಬರುವ ಮುಂಚೆ ಜೇನುಗೂಡಿನಂಥ ಒಂದು ಡಬ್ಬಿಯ ಮೂಲಕ ಹಾಯುತ್ತದಂತೆ. ಆ ಡಬ್ಬಿ ಹೊಗೆಯ ವಿಷ ಕಳೆಯುತ್ತದೆ. ಪೆಟ್ರೋಲಿನಲ್ಲಿ ಚೂರು ಗಂಧಕ ಇದ್ದೇ ಇರುತ್ತದೆ. ಡಬ್ಬಿಗೆ ಅದನ್ನು ಸರಿಯಾಗಿ ಸುಡಲು ಆಗದಿದ್ದರೆ ಈ ನಾತ.

"ಡಬ್ಬಿ ಕೆಟ್ರ ಎಲ್ಲಾ ಗಾಡೀದೂ ಹಿಂಗೇ, ಕೊಳತ ತತ್ತಿ ನಾತ ಬರ್ತದ್ರಿ. ಯಾರ ಗಾಡಿ ಇದ್ರೂ ಅಷ್ಟ."

ಅಷ್ಟು ಹೇಳಿ ಬೇರೆ ಮಾತಿಗೆ ಹೋದ. ನನಗೆ ಮುಂದಿನದು ಕೇಳಿಸಲಿಲ್ಲ. ಡ್ರೈವರ್ ಏನೂ ತಂದಿರಲಿಲ್ಲ. ತಂದಿಲ್ಲವೆಂದು ಅವನು ಹೇಳಿದ್ದ. ನಾನು ಇಪ್ಪತ್ತು ಮಂದಿಯ ಮುಂದೆ ತಂದಿರಬೇಕು ಎಂದಿದ್ದೆ.

ನಮ್ಮ ಮನೆಯವರತ್ತ ನೋಡಿದೆ. ಅವರು ಬೆಲೆ ಕೇಳುತ್ತಿದ್ದರು. ಹೊಸ ಕನ್ವರ್ಟರಿನ ಬೆಲೆ ಕೇಳಿ ಮುಖ ಸಣ್ಣದಾಯಿತು. ಮುಖ್ಯಸ್ಥ ದನಿ ತಗ್ಗಿಸಿದ: "ಇಲ್ಲಾಂದ್ರ ಕತ್ತರಿಸಿ ತೆಗೀತೀನ್ರಿ. ಜಾಗಾದಾಗ ಸೀದಾ ಪೈಪ್ ಕೂಡಸ್ತೀನಿ. ನಾತಾನೂ ಹೋಗ್ತದ, ಗಾಡಿ ಎಳೀಲಿಕ್ಕೂ ಹಗುರ. ಹಳೇ ಡಬ್ಬಿ ನನಗ ಬಿಟ್ಟಬಿಡ್ರಿ, ಕೂಲಿ ಬ್ಯಾಡ." ಕೆಟ್ಟ ಡಬ್ಬಿಯ ಮೇಲೆ ಇಷ್ಟು ಪ್ರೀತಿ ಏಕೆಂದು ಯೋಚಿಸಿದೆ. ಅದರೊಳಗೆ ಬೆಲೆಬಾಳುವ ಲೋಹದ ಲೇಪ ಇರುತ್ತದೆಂದು ಆಮೇಲೆ ತಿಳಿಯಿತು.

"ಅದು ಯಾಕ ಕೆಡ್ತು?" ಎಂದು ಕೇಳಿದೆ.

"ಕೆಡ್ತಾವ್ರಿ. ವಸ್ತು ಅಂದಮ್ಯಾಲ ಕೆಡಂಗಿಲ್ಲೇನ?"

ಇದು ಉತ್ತರವಲ್ಲ. ಹಾಲು ಕೆಡುತ್ತದೆ, ಆದರೆ ಏಕೆ ಕೆಟ್ಟಿತೆಂದು ಹೇಳಲಾಗದವಳನ್ನು ನಾವು ಅಡುಗೆಗೆ ಹಚ್ಚುವುದಿಲ್ಲ.

ನಮ್ಮ ಮನೆಯವರಿಗೆ ಪೈಪಿನ ಯೋಚನೆ ಹಿಡಿಸಿತ್ತು. ಮನೆಗೆ ಬಂದ ಮೇಲೆ ಡ್ರೈವರ್ ಮಾತು ತೆಗೆದೆ.

"ತತ್ತಿ ಅಲ್ಲ ಅಂತ ಆತಲ್ಲ. ಅವನ್ನ ಕರೀರಿ."

"ಈ ಗಾಡಿ ನಾತ ಬ್ಯಾರೆ. ಅವ ತತ್ತಿ ತಂದೇ ಇಲ್ಲ ಅಂತ ಹ್ಯಾಂಗ ಹೇಳ್ತಿ?"

"ತಂದಾನ ಅಂತ ನೀವು ಹ್ಯಾಂಗ ಹೇಳಿದ್ರಿ?"

"ಹೇಳಿದಾಕಿ ನೀನೇ" ಎಂದರು.

ಅದು ನಿಜ. ಆ ದಿನ ಇಷ್ಟಲಿಂಗದ ಪೂಜೆಗೆ ಕುಳಿತಾಗ ಕೈಯಲ್ಲಿ ಲಿಂಗ, ಮನಸ್ಸಿನಲ್ಲಿ ಪೈಪು. ಕನ್ವರ್ಟರ್ ಕತ್ತರಿಸಿ ಎಸೆದರೆ ನಾತ ಹೋಗುತ್ತದೆ. ಆದರೆ ತಾಂಡೂರಿನ ಇಪ್ಪತ್ತು ಮಂದಿ ಏನೆನ್ನುತ್ತಾರೆ? ಡ್ರೈವರ್ ಹೋದ, ನಾತ ಹೋಯಿತು, ನೋಡಿದಿರಾ ಎನ್ನುತ್ತಾರೆ. ವಾಸನೆ ಹೋಗಿ ಸುಳ್ಳು ಉಳಿಯುತ್ತದೆ. ವಾಸನೆಗೆ ಕಾರಣ ಸಿಗಬೇಕು. ಸಿಕ್ಕ ಕಾರಣವನ್ನು ಅದೇ ಅಂಗಳದಲ್ಲಿ ಕಣ್ಣಿಗೆ ತೋರಿಸಬೇಕು. ಪೈಪು ಹಾಕಿಸಲು ಬಿಡಬಾರದೆಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ತವರುಮನೆ ನಾರಾಯಣಖೇಡದಲ್ಲಿದೆ. ಅಣ್ಣನನ್ನು ನೋಡಿ ಬರುತ್ತೇನೆಂದು ಬಸ್ ಹತ್ತಿದೆ. ಅಲ್ಲಿಂದ ಕಲ್ಹೇರ್ ಕಡೆಗೆ. ಡ್ರೈವರ್ ಊರಿನ ತಿರುವಿನಲ್ಲಿ ಇಳಿದು ಅವನಿಗೆ ಫೋನ್ ಮಾಡಿದೆ. ಕುರಿಯ ಹಿಂಡು ತಮ್ಮನಿಗೆ ಒಪ್ಪಿಸಿ ಬಂದ. ಬೇವಿನ ಮರದ ಕೆಳಗೆ ನಿಂತು ಮಾತಾಡಿದೆವು. ತಿಂಗಳಾಯಿತು, ಎಲ್ಲಿಯೂ ಕೆಲಸವಿಲ್ಲ ಎಂದ. ನಾರಾಯಣಖೇಡದ ಇಬ್ಬರು ಗಾಡಿ ಮಾಲೀಕರನ್ನು ಕೇಳಿದ್ದನಂತೆ. ಇಬ್ಬರೂ ಲಿಂಗವಂತರು. ಇಬ್ಬರ ಕಿವಿಗೂ ತಾಂಡೂರಿನ ಮಾತು ಇವನಿಗಿಂತ ಮುಂಚೆ ಮುಟ್ಟಿತ್ತು.

"ನೀ ತತ್ತಿ ತಂದಿಲ್ಲ. ಗಾಡೀದೇ ರೋಗ ಅದು. ಆ ಮಾತು ನಾ ಆಡಬಾರದಿತ್ತು, ತಪ್ಪಾತು" ಎಂದೆ.

ಅವನು ಹೆಗಲ ಕಂಬಳಿ ಸರಿಮಾಡಿಕೊಂಡ. ಆಮೇಲೆ, "ಮುಂಜಾನೆ ಚಾಲೂ ಮಾಡಿದಾಗ ಟಕ್ ಟಕ್ ಸಪ್ಪಳ ಇನ್ನೂ ಬರ್ತದೇನ್ರಿ?" ಎಂದು ಕೇಳಿದ.

"ಯಾವ ಸಪ್ಪಳ?"

"ಎಂಜಿನ್ ತಣ್ಣಗಿದ್ದಾಗ ಎರಡು ಮೂರು ನಿಮಿಷ ಟಕ್ ಟಕ್ ಅಂತದ. ಕಾದ ಮ್ಯಾಲ ಇಲ್ಲ. ಉಗಾದಿ ಮುಂಚೆ ಸರ್ವೀಸಿಗೆ ಬಿಟ್ಟು ತಂದಾಗಿಂದ. ಸಾವ್ಕಾರ್ರಿಗೆ ಎರಡು ಸಲ ಹೇಳೀನಿ. ‘ನೀ ಗಾಡಿ ಹೊಡಿ, ಡಾಕ್ಟರ್ ಆಗಬ್ಯಾಡ’ ಅಂದ್ರು."

ನಾವು ಮೂರು ಗ್ಯಾರೇಜು ತಿರುಗಿದ್ದೆವು. ಆರು ವರ್ಷ ಆ ಸ್ಟೀರಿಂಗ್ ಹಿಡಿದವನನ್ನು ಒಬ್ಬರೂ ಒಂದು ಮಾತು ಕೇಳಿರಲಿಲ್ಲ.

ತಾಂಡೂರಿನಲ್ಲಿ ಒಬ್ಬ ಉಸ್ತಾದ ಇದ್ದಾನೆ, ಕಲ್ಲುಬಂಡೆ ಹೊರುವ ಲಾರಿಗಳ ಸೈಲೆನ್ಸರ್ ಕೆಲಸ ಮಾಡಿ ಪಳಗಿದವನು, ಕಾರೂ ನೋಡುತ್ತಾನೆ ಎಂದು ಡ್ರೈವರ್ ಹೇಳಿದ. ತಾಂಡೂರು ಎಂದ ಕೂಡಲೇ ನನಗೆ ಶಿವನೇ ದಾರಿ ತೋರಿಸಿದ ಹಾಗಾಯಿತು.

"ನೀ ಹೊಡೀತಿಯೇನು?"

"ಗಾಡಿ ಸಲುವಾಗಿ ಬರ್ತೀನಿ ಅವ್ವಾರ. ಸಾವ್ಕಾರ್ರ ಸಲುವಾಗಿ ಅಲ್ಲ."

ಎರಡು ದಿನ ಬಿಟ್ಟು ನಮ್ಮ ಮನೆಯವರು ಅಂಗಡಿಗೆ ಹೋದ ಮೇಲೆ ಕೀಲಿಕೈ ತೆಗೆದು, ಬಂದು ನಿಂತಿದ್ದ ಡ್ರೈವರ್ ಕೈಗೆ ಕೊಟ್ಟೆ. ಮದುವೆಯಾದಾಗಿನಿಂದ ಕೇಳದೆ ಹೊರಗೆ ಹೋದದ್ದು ಅದೇ ಮೊದಲು. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಕೇಳದೆ ಇದ್ದದ್ದರಿಂದ ಅವರ ಮಾತು ಮೀರಿದ ಪಾಪ ತಪ್ಪಿತು.

ಉಸ್ತಾದ ಬಾಯಿ ತುಂಬ ಪಾನು ಹಾಕಿಕೊಂಡ ವಯಸ್ಸಾದ ಮನುಷ್ಯ. ಅವನ ಅಂಗಳದ ಕೆಂಪು ಉಗುಳು ನೋಡಿಯೇ ನನಗೆ ಅರ್ಧ ನಂಬಿಕೆ ಹೋಯಿತು. ಆದರೆ ಅವನು ಕ್ಯಾಲೆಂಡರಿನ ಹಾಳೆ ಕೇಳಿ ಪಡೆದು, ಕನ್ನಡಕ ಹಾಕಿಕೊಂಡು ನೋಡಿ, ನನ್ನಿಂದ ಓದಿಸಿಕೊಂಡ. ಫೋನಿಗೆ ಒಂದು ಸಣ್ಣ ಯಂತ್ರ ಜೋಡಿಸಿ ಸ್ಟೀರಿಂಗ್ ಕೆಳಗೆ ಚುಚ್ಚಿದ. ಡಬ್ಬಿಗಿಂತ ಮುಂಚೆ ಒಂದು ಸೆನ್ಸಾರ್ ಇದೆಯಂತೆ. ಹೊಗೆಯಲ್ಲಿ ಗಾಳಿ ಎಷ್ಟು ಉಳಿದಿದೆ ಎಂದು ಅದು ನೋಡುತ್ತದೆ. ಗಾಳಿ ಹೆಚ್ಚು ಕಂಡರೆ ಪೆಟ್ರೋಲ್ ಸಾಲದು ಎಂದು ವರದಿ ಕೊಡುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ.

"ನೋಡು ಬೆಹೆನ್, ಇದು ಒಂದೇ ಸಮ ಕಮ್ಮಿ ಕಮ್ಮಿ ಅಂತ ಬೊಬ್ಬಿ ಹೊಡೀಲಿಕತ್ತದ. ಇಂಜಿನ್ ಪೆಟ್ರೋಲ್ ಕುಡದು ಕುಡದು ಕಾರಲಿಕತ್ತದ. ಕಾರಿದ್ದು ಡಬ್ಬಿಗೆ ಬೀಳ್ತದ. ಡಬ್ಬಿ ಬಿಚಾರಾ ಏನ್ ಮಾಡ್ತದ?"

ಪೈಪಿನ ಬಾಯಿಯ ಮಸಿ ನೆನಪಾಯಿತು. ಹೇಳಿದೆ. "ಸಹಿ ಬಾತ್, ಖರೇ ಮಾತು" ಎಂದ. ಸ್ಟವ್ವಿನ ಮಾತು ಕಾರಿಗೆ ನಡೆಯಿತು.

ಅವನೂ ಒಮ್ಮೆ ಎಡವಿದ. ಸೆನ್ಸಾರೇ ಕೆಟ್ಟಿದೆ ಎಂದು ಹೇಳಿದ. ಆದರೆ ಹೊಸದನ್ನು ತರಿಸುವ ಮೊದಲು ಅಂಗಳದಲ್ಲಿದ್ದ ಅದೇ ಜಾತಿಯ ಇನ್ನೊಂದು ಕಾರಿನಿಂದ ಬಿಚ್ಚಿ ಇದಕ್ಕೆ ಹಾಕಿ ನೋಡಿದ. ಓದು ಬದಲಾಗಲಿಲ್ಲ, ಅದೂ ಕಮ್ಮಿ ಕಮ್ಮಿ ಎಂದಿತು. ಎರಡು ಸೆನ್ಸಾರ್ ಒಂದೇ ಸುಳ್ಳು ಹೇಳುವುದಿಲ್ಲ. ಉಸ್ತಾದ ಕುಕ್ಕರುಗಾಲಲ್ಲಿ ಕುಳಿತು ತಲೆ ಕೆರೆದುಕೊಂಡ. ಪರೀಕ್ಷೆ ಮಾಡಿ ತಪ್ಪೆಂದು ಒಪ್ಪಿಕೊಂಡ ಒಬ್ಬನೇ ಗಂಡಸು ಈ ಇಡೀ ಪುರಾಣದಲ್ಲಿ ಅವನೇ, ಅದಕ್ಕಾಗಿ ಅವನ ಪಾನಿನ ಉಗುಳನ್ನು ಕ್ಷಮಿಸಿದೆ.

ಆಗ ಡ್ರೈವರ್ ಟಕ್ ಟಕ್ ಸಪ್ಪಳದ ಮಾತು ಹೇಳಿದ. ಉಸ್ತಾದ ಎದ್ದು ನಿಂತ.

"ಅದನ್ನ ಮೊದಲೇ ಹೇಳಬಾರದೇನೋ ಭಾಯಿ?"

"ಹೇಳಿದ್ರ ಕೇಳವ್ರು ಬೇಕಲ್ರಿ ಉಸ್ತಾದ್."

ಸೆನ್ಸಾರಿಗಿಂತ ಮುಂಚೆ ಎಲ್ಲೋ ಜೋಡಣೆ ಸೀಳಿರಬೇಕು, ತಣ್ಣಗಿದ್ದಾಗ ಸಂದು ಬಿಡುತ್ತದೆ, ಕಾದಾಗ ಕಬ್ಬಿಣ ಹಿಗ್ಗಿ ಮುಚ್ಚಿದಂತಾಗುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಹುಡುಕಬೇಕಾದರೆ ಎಂಜಿನ್ ಪೂರ್ತಿ ತಣ್ಣಗಿರಬೇಕು, ಬೆಳಗಿನ ತನಕ ಯಾರೂ ಚಾಲೂ ಮಾಡಬಾರದು ಎಂದ ಉಸ್ತಾದ. ಕಾರನ್ನು ಗಂಡನ ಅಕ್ಕನ ಅಂಗಳದಲ್ಲಿ ನಿಲ್ಲಿಸೋಣ, ಅಲ್ಲಿಗೇ ಬಾ ಎಂದೆ. ಡ್ರೈವರ್ ನನ್ನ ಮುಖ ನೋಡಿದ. ಅವನು ಆ ರಾತ್ರಿ ಉಸ್ತಾದನ ಮನೆಯಲ್ಲಿ ಉಳಿದ.

ಅಕ್ಕ ನನ್ನನ್ನು ಒಳಗೆ ಕರೆದರು, ಕಾರನ್ನು ತುಳಸಿಕಟ್ಟೆಯಿಂದ ದೂರ ನಿಲ್ಲಿಸಿ ಎಂದರು. ತಮ್ಮನಿಗೆ ಫೋನ್ ಮಾಡಿ ನಾನು ಓಡಿ ಬಂದಿರುವೆನೆಂಬಂತೆ ವರದಿ ಕೊಟ್ಟರು. ಬೆಳಿಗ್ಗೆ ಪೂಜೆ ಮುಗಿಸಿ ನಾನು ಬಟ್ಟಲಿನಲ್ಲಿ ಸಾಬೂನು ಕದಡುತ್ತಿದ್ದೆ. ಡ್ರೈವರ್ ಜೊತೆ ಬಂದ ಉಸ್ತಾದ ಕೇಳಿದ, ಇದು ಯಾತಕ್ಕೆ?

"ಸಿಲಿಂಡರ್ ಬದಲಿ ಮಾಡಿದಾಗ ನಾವು ಹಿಂಗೇ ನೋಡ್ತೀವಿ. ಗ್ಯಾಸ್ ಸೋರೋ ಕಡೆ ಬುರುಗು ಏಳ್ತದ."

ನಗುತ್ತಾನೆ ಎಂದುಕೊಂಡೆ. ನಗಲಿಲ್ಲ. "ಲಾರಿಗೆ ನಾವೂ ಅದೇ ಮಾಡ್ತೀವಿ ಬೆಹೆನ್, ಲಗೂ ಹಚ್ಚಬೇಕು, ಪೈಪ್ ಕಾದ್ರ ನೀರು ಆರ್ತದ" ಎಂದ.

ಡ್ರೈವರ್ ಚಾಲೂ ಮಾಡಿದ. ಟಕ್ ಟಕ್ ಟಕ್. ನನಗೂ ಕೇಳಿಸಿತು, ಇಷ್ಟು ದಿನ ಹೇಗೆ ಕೇಳಿಸಿರಲಿಲ್ಲವೋ. ಉಸ್ತಾದನ ಮಾತಿನಂತೆ ಡ್ರೈವರ್ ಇಳಿದು ಹಿಂದೆ ಹೋಗಿ ದಪ್ಪ ಬಟ್ಟೆಯಿಂದ ಪೈಪಿನ ಬಾಯಿ ಅರ್ಧ ಮುಚ್ಚಿದ. ಉಸ್ತಾದ ಬ್ರಷ್ಷಿನಿಂದ ಜೋಡಣೆಗಳಿಗೆ ಸಾಬೂನು ನೀರು ಬಳಿಯುತ್ತ ಬಂದ. ಮೊದಲನೆಯದರಲ್ಲಿ ಏನಿಲ್ಲ. ಎರಡನೆಯದು, ಎಂಜಿನ್ನಿನಿಂದ ಬರುವ ದಪ್ಪ ಕೊಳವೆಯೂ ಕೆಳಗಿನ ಪೈಪೂ ಕೂಡುವಲ್ಲಿ, ಸೆನ್ಸಾರಿಗೆ ಗೇಣು ಮೇಲೆ, ಬಿಳಿ ಬುರುಗು ಉಕ್ಕುಕ್ಕಿ ಬಂತು.

"ಅಕ್ಕಾರ, ಇಲ್ಲಿ ಬರ್ರಿ" ಎಂದು ಕರೆದೆ. ಮೂಗಿಗೆ ಸೆರಗು ಹಿಡಿದೇ ಬಂದರು.

ಉಸ್ತಾದ ಅವರಿಗೂ ಹೇಳಿದ: ಹೊಗೆ ನೂಕುವಾಗ ಈ ಸಂದಿನಿಂದ ಹೊರಗೆ ಬರುತ್ತದೆ, ಮರುಗಳಿಗೆ ಅದೇ ಸಂದು ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಆ ಕದ್ದ ಗಾಳಿಯನ್ನು ನೋಡಿ ಸೆನ್ಸಾರ್ ಮೋಸ ಹೋಗುತ್ತದೆ. ನಾನು ನಮ್ಮ ಭಾಷೆಯಲ್ಲಿ ಬಿಡಿಸಿದೆ: ನೀರು ಹತ್ತಿದ ಚಮಚದಿಂದ ಸಾರಿನ ರುಚಿ ನೋಡಿ, ಸಪ್ಪೆ ಎಂದು ಇನ್ನೊಂದು ಹಿಡಿ ಉಪ್ಪು ಹಾಕಿದ ಹಾಗೆ. ತಪ್ಪು ಸಾರಿನದಲ್ಲ, ಚಮಚದ್ದೂ ಅಲ್ಲ, ಅದಕ್ಕೆ ಹತ್ತಿದ ನೀರಿನದು.

"ಅಂದ್ರ ತತ್ತಿ?" ಎಂದರು ಅಕ್ಕ.

"ತತ್ತಿ ಇರಲೇ ಇಲ್ರಿ. ಅದಿರ್ಲಿ, ಕೊಳತ ತತ್ತಿ ನಾತ ಹಿಂಗ ಇರ್ತದಂತ ನಿಮಗ ಹ್ಯಾಂಗ ಗೊತ್ತು?"

ಅವರು ಹಾಲು ಉಕ್ಕುತ್ತದೆ ಎಂದು ಒಳಗೆ ಹೋದರು. ಒಲೆ ಇನ್ನೂ ಹಚ್ಚಿರಲಿಲ್ಲ.

ಬಿಚ್ಚಿದಾಗ ಕಂಡದ್ದು ಇಷ್ಟೇ. ಜೋಡಣೆಯ ನಡುವೆ ಇರಬೇಕಾದ ಗ್ಯಾಸ್ಕೆಟ್ ಚಪ್ಪಟೆಯಾಗಿ ಒಂದು ಬದಿ ಸುಟ್ಟು ತಿಂದುಹೋಗಿತ್ತು. ಉಗಾದಿ ಮುಂಚಿನ ಸರ್ವೀಸಿನಲ್ಲಿ ಬಿಚ್ಚಿದವನು ಹಳೆಯದನ್ನೇ ಮತ್ತೆ ಕೂಡಿಸಿದ್ದ. ಬಿಗಿಯುವ ಮೂರು ಬೋಲ್ಟಿನಲ್ಲಿ ಒಂದು ಮುರಿದಿತ್ತು. ಮುರಿದದ್ದು ಕಾಣದಿರಲೆಂದು ಮೇಲೆ ಅಂಟು ಮೆತ್ತಿದ್ದ. ಅಂಗೈಯಗಲದ ತಗಡು, ಅದಕ್ಕೆ ಇಷ್ಟು ಮಂದಿಯ ಮಾನ. ಮುರಿದ ತುಣುಕನ್ನು ಕೊರೆದು ತೆಗೆಯಲು ಉಸ್ತಾದನಿಗೆ ಮಧ್ಯಾಹ್ನವಾಯಿತು. ಎರಡೂ ಮುಖಗಳನ್ನು ಉಜ್ಜಿ ಸಾಫು ಮಾಡಿ, ಹೊಸ ಗ್ಯಾಸ್ಕೆಟ್ ಇಟ್ಟು, ಮೂರೂ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದ. ಮತ್ತೆ ಸಾಬೂನು ನೀರು, ಬುರುಗಿಲ್ಲ. ಫೋನಿನಲ್ಲಿ ಕಮ್ಮಿ ಕಮ್ಮಿ ಎಂಬುದು ನಿಂತು ಓದು ಮೇಲೆ ಕೆಳಗೆ ಆಡತೊಡಗಿತು. ಹಾಗೆ ಆಡುವುದೇ ಆರೋಗ್ಯವಂತೆ.

ಊರು ಸುತ್ತಿ ಬಂದೆವು. ನಾತ ಇನ್ನೂ ಇತ್ತು.

ಅಕ್ಕ ಬಾಗಿಲಲ್ಲೇ ನಿಂತಿದ್ದರು. "ಬುರುಗು ಹೋತು, ನಾತ ಉಳೀತು" ಎಂದು ನಕ್ಕರು. ಡ್ರೈವರ್ ಕಣ್ಣು ನೆಲಕ್ಕೆ ಹೋಯಿತು. ಉಸ್ತಾದ ಮಾತ್ರ ಪಾನು ಉಗುಳಿ ಬಂದು ಹೇಳಿದ: ನಾಲ್ಕು ತಿಂಗಳು ತಿಂದ ಗಂಧಕ ಡಬ್ಬಿಯ ಹೊಟ್ಟೆಯಲ್ಲಿದೆ, ಅದು ಸುಟ್ಟು ಹೋಗಬೇಕು. ಊರೊಳಗೆ ಹೋಗುವುದಿಲ್ಲ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ, ನಿಲ್ಲಿಸದೆ. ಆಮೇಲೂ ಬಂದರೆ ಡಬ್ಬಿ ಸತ್ತಿದೆ, ಬದಲಿಸಬೇಕು. ಬರದಿದ್ದರೆ ಬದುಕಿದೆ.

ಜಹೀರಾಬಾದ್ ಮುಟ್ಟಿ ಹೆದ್ದಾರಿ ಹಿಡಿದೆವು. ಡ್ರೈವರ್ ವೇಗದ ಮುಳ್ಳನ್ನು ಒಂದೇ ಅಂಕೆಯಲ್ಲಿ ಹಿಡಿದ. ಮೊದಲ ಹತ್ತು ನಿಮಿಷ ನಾತ ಎಂದಿಗಿಂತ ಹೆಚ್ಚಾಯಿತು. ನಾನು ಪಂಚಾಕ್ಷರಿ ಜಪಿಸುತ್ತ ಕುಳಿತೆ. ಅವನು ಕಿಟಕಿ ಇಳಿಸಿ, ಮೂಸಿ, ಮತ್ತೆ ಏರಿಸುತ್ತಿದ್ದ. ಅರ್ಧ ಗಂಟೆಯ ಮೇಲೆ ಒಂದು ಏರಿನಲ್ಲಿ ಜೋರಾಗಿ ಒತ್ತಿ, ಬದಿಗೆ ನಿಲ್ಲಿಸಿ, ಇಬ್ಬರೂ ಇಳಿದು ಹಿಂದೆ ಹೋದೆವು. ಕಾದ ಕಬ್ಬಿಣದ ವಾಸನೆ. ಮತ್ತೇನಿಲ್ಲ. ಮತ್ತೆ ಚಾಲೂ ಮಾಡಿ ಮತ್ತೆ ಮೂಸಿದೆವು. ಏನಿಲ್ಲ. ಹಾದಿಹೋಕರಿಗೆ ನಾವು ಹುಚ್ಚರಂತೆ ಕಂಡಿರಬೇಕು.

"ಬದುಕ್ಯಾದ್ರಿ ಅವ್ವಾರ" ಎಂದ.

ಮನೆಯಲ್ಲಿ ನಮ್ಮ ಮನೆಯವರು ಕಾರಿನ ಸುತ್ತ ಎರಡು ಸಲ ತಿರುಗಿದರು. ಹೊಗೆ ಮೂಸಿದರು. ಎಲ್ಲ ಕೇಳಿದ ಮೇಲೆ, "ಮಷೀನ್ ತೊಂದರಿ ಅಂತ ನನಗ ಮೊದಲೇ ಅನಸಿತ್ತು" ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಮಾತಿಗೆ ನಾನು ನಗುವುದನ್ನು ಬಿಟ್ಟು ಬಹಳ ದಿನವಾಗಿದೆ. ಡ್ರೈವರ್ ಕಡೆ ತಿರುಗಿ, "ಆತು, ನಾಳೆ ರಾಯಿಕೋಡಿಗೆ ಹೋಗೋದದ, ಎಂಟಕ್ಕ ಬಾ" ಎಂದರು, ದಾನ ಕೊಟ್ಟವರಂತೆ.

"ಆ ತತ್ತಿ ಮಾತು ತಪ್ಪಂತ ನಿಮ್ಮ ಬಾಯಿಲೆ ಅನ್ರಿ ಸಾವ್ಕಾರ್ರ. ಆಮ್ಯಾಲ ಬರ್ತೀನಿ."

"ಗ್ಯಾಸ್ಕೆಟ್ ಹೋಗಿತ್ತಲ್ಲೋ."

"ಗ್ಯಾಸ್ಕೆಟ್ ಮಾತಲ್ರಿ."

ನಮ್ಮ ಮನೆಯವರು ಒಳಗೆ ಹೋದರು. ಅವನು ಕೀಲಿಕೈ ಕಟ್ಟೆಯ ಮೇಲಿಟ್ಟು ಬಸ್ಸಿಗೆ ಹೋದ.

ಹನ್ನೊಂದು ದಿನ ಕಾರು ನಿಂತೇ ಇತ್ತು, ನಮ್ಮ ಮನೆಯವರೂ ಕೀಲಿಕೈ ಮುಟ್ಟಲಿಲ್ಲ. ಯಾವ ನಾತವೂ ಇಲ್ಲದ, ರೋಗವಿಲ್ಲದ ಕಾರು. ನಾನು ಜಗಳವಾಡಲಿಲ್ಲ. ಎಲ್ಲಿ ಹೋಗುವುದಿದ್ದರೂ ಬಸ್ಸಿನಲ್ಲಿ ಹೋದೆ. ತಾಂಡೂರಿನ ನೆಂಟರು ಫೋನ್ ಮಾಡಿದಾಗಲೆಲ್ಲ, ನಮ್ಮ ಡ್ರೈವರ್ ಏನೂ ತಂದಿರಲಿಲ್ಲ, ನಾನು ಸುಳ್ಳು ಹೇಳಿದ್ದೆ ಎಂದು ನಮ್ಮ ಮನೆಯವರಿಗೆ ಕೇಳುವಂತೆ ಜೋರಾಗಿ ಹೇಳಿದೆ. ನಾರಾಯಣಖೇಡದ ಇಬ್ಬರು ಮಾಲೀಕರಿಗೆ ಅಣ್ಣನ ಕೈಲಿ ಹೇಳಿಸಿದೆ. ನನ್ನ ಪಾಲಿನದು ಅಷ್ಟು.

ಹನ್ನೆರಡನೆಯ ದಿನ ಬೆಳಿಗ್ಗೆ ನಮ್ಮ ಮನೆಯವರು ತಾವೇ ಕಾರು ತೆಗೆದುಕೊಂಡು ಎಲ್ಲಿಗೋ ಹೋದರು. ಸಂಜೆ ಮರಳಿದಾಗ ಸ್ಟೀರಿಂಗ್ ಹಿಂದೆ ಡ್ರೈವರ್ ಇದ್ದ. ಇವರು ಪಕ್ಕದಲ್ಲಿ ಕುಳಿತಿದ್ದರು. ಇಳಿದವರು ನನ್ನ ಕಡೆ ನೋಡದೆ ಕೈಕಾಲು ತೊಳೆಯಲು ಹೋದರು. ನಾನು ಅಂಗಳಕ್ಕೆ ಬಂದೆ.

"ಏನಂದ್ರಪ್ಪ?"

"ನಮ್ಮ ಮನಿಗೆ ಬಂದು ಕುಂತು ಬಾಯಿ ತಗದ್ರಿ ಅವ್ವಾರ, ಮಾತು ಬರ್ಲಿಲ್ಲ. ನಮ್ಮವ್ವ ನೋಡಿ ನೋಡಿ, ‘ಸಾವ್ಕಾರ್ರ, ಹೊತ್ತಾತು, ರೊಟ್ಟಿ ಮಾಡೀನಿ, ಉಣ್ಣಂಗಿದ್ರ ಉಣ್ರಿ’ ಅಂದಳು."

"ಮತ್ತ?"

"ಉಂಡ್ರಿ. ಎರಡು ರೊಟ್ಟಿ, ಪುಂಡಿ ಪಲ್ಯ. ನಮ್ಮ ಓಣಿ ಮಂದಿ ಎಲ್ಲಾ ಬಾಗಿಲಿಗೆ ಬಂದು ನಿಂತು ನೋಡಿದ್ರು."

ಕುರಿ ಕಾಯುವವರ ಮನೆ. ಐತಾರಕ್ಕೆ ಮಾಂಸ ಬೇಯುವ ಒಲೆ. ನಮ್ಮ ಮನೆಯವರು ಬೀಗರ ಮನೆಯಲ್ಲಿಯೂ ನೀರು ಯಾರು ತಂದದ್ದೆಂದು ಕೇಳಿಯೇ ಕುಡಿಯುವ ಮನುಷ್ಯ. ಬೇವಿನ ಮರದ ಕೆಳಗೆ ನಿಂತು ತಪ್ಪಾಯಿತು ಎಂದು ಹೇಳಿದವಳು ನಾನು. ಆ ಹೊಸ್ತಿಲು ದಾಟುವ ಯೋಚನೆ ನನಗೆ ಬಂದಿರಲಿಲ್ಲ.

ಕೈ ಒರೆಸಿಕೊಳ್ಳುತ್ತ ಬಂದವರು, "ನನಗ ಊಟ ಬ್ಯಾಡ, ಹೊಟ್ಟಿ ತುಂಬ್ಯಾದ" ಎಂದರು. ಸ್ನಾನ ಮಾಡುತ್ತೀರೇನು ಎಂದು ಕೇಳುವ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ. ಅಡುಗೆಮನೆಗೆ ಹೋಗಿ ಕಲಸಿದ ಹಿಟ್ಟಿನಲ್ಲಿ ಅವರ ಪಾಲಿನ ಎರಡು ರೊಟ್ಟಿಯಷ್ಟು ತೆಗೆದು ಮುಚ್ಚಿಟ್ಟೆ.